ಬೇಣದ ನೆಲ ಆರ್ಕಿಡ್ ಬೆಳೆಸುವ ಕ್ರಮ: ಗಿಡಕ್ಕೂ ಮೊದಲು ಶಿಲೀಂಧ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಹಳೆಯ ಮನೆಗಳಲ್ಲಿ ಅಂಗಳದಂಚಿನ ಮಾವಿನ ಮರಕ್ಕೆ ತೆಂಗಿನ ಸಿಪ್ಪೆಯೊಡನೆ ಕಟ್ಟಿದ ಸೀತೆದಂಡೆ ಎಂಬ ಮರದ ಆರ್ಕಿಡ್ ಪ್ರತಿ ವರ್ಷ ಮಳೆಗಾಲದ ಬಾಗಿಲಲ್ಲಿ ತಪ್ಪದೆ ಗೊಂಚಲು ಇಳಿಬಿಡುತ್ತದೆ. ಹಗ್ಗ ಬಿಗಿಯಾಗಿ ಕಟ್ಟಿ, ಬೇಸಿಗೆಯಲ್ಲಿ ಆಗಾಗ ನೀರು ಚಿಮುಕಿಸಿದರೆ ಅದಕ್ಕೆ ಮತ್ತೇನೂ ಬೇಡ. ಅದೇ ಧೈರ್ಯದಿಂದ ನಾನು ಹದಿನೈದು ವರ್ಷಗಳ ಹಿಂದೆ, ನಮ್ಮ ಬೇಣದ, ಅಂದರೆ ಹುಲ್ಲುಗಾವಲಿನ, ಹುಲ್ಲಿನ ನಡುವೆ ಬಿಳಿ ಹೂ ಬಿಟ್ಟಿದ್ದ ಹೆಬನೇರಿಯಾ ಎಂಬ ನೆಲ ಆರ್ಕಿಡ್ ಗಿಡವೊಂದನ್ನು ಗೆಡ್ಡೆಸಹಿತ ಕಿತ್ತು, ಮಣ್ಣು ತೊಳೆದು, ಗೊಬ್ಬರ ಬೆರೆಸಿದ ಕುಂಡದಲ್ಲಿ ನೆಟ್ಟೆ. ಮರುವರ್ಷ ಅದು ಎಲೆಯನ್ನೂ ಹೂವನ್ನೂ ಬಿಟ್ಟಿತು. ಎರಡನೆಯ ವರ್ಷ ಬಂದ ಎಲೆ ಹೆಬ್ಬೆರಳಿನಷ್ಟೇ ಇತ್ತು. ಮೂರನೆಯ ಮಳೆಗಾಲದಲ್ಲಿ ಏನೂ ಮೇಲೆ ಬರಲಿಲ್ಲ. ಕುಂಡ ಬಗ್ಗಿಸಿ ನೋಡಿದರೆ ಕಡಲೆಕಾಳಿನಷ್ಟು ಸುಕ್ಕಿದ ಗೆಡ್ಡೆಯೊಂದು ಸಿಕ್ಕಿತು. ಗೆಡ್ಡೆಯಲ್ಲಿ ಕೂಡಿಟ್ಟಿದ್ದನ್ನು ತಿಂದು ಮುಗಿಸಲು ಅದಕ್ಕೆ ಮೂರು ವರ್ಷ ಹಿಡಿದಿತ್ತು.

ಆ ಗಿಡ ಸತ್ತದ್ದು ನೀರಿಲ್ಲದೆಯೂ ಅಲ್ಲ, ಗೊಬ್ಬರವಿಲ್ಲದೆಯೂ ಅಲ್ಲ. ನಾನು ತೊಳೆದು ಚೆಲ್ಲಿದ ಮಣ್ಣಿನಲ್ಲಿ ಅದರ ಜೊತೆಗಾರನಿದ್ದ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನೆಲ ಆರ್ಕಿಡ್ ಬೆಳೆಸಬೇಕೆಂದಿರುವವರು ಕೈಗೆ ಹಾರೆ ತೆಗೆದುಕೊಳ್ಳುವ ಮೊದಲು ಈ ಜೊತೆಗಾರನನ್ನು ಅರಿಯಬೇಕು. ಕೆಳಗೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಅವನನ್ನು ಉಳಿಸಿಕೊಳ್ಳುವ ಹೆಜ್ಜೆಯೇ.

ಮಣ್ಣಿನೊಳಗಿನ ಜೊತೆಗಾರ

ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಒಂದು ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಾಂತರ ಬೀಜಗಳಿರುತ್ತವೆ. ಭತ್ತದ ಕಾಳಿನಲ್ಲಿ ಮೊಳಕೆಗೆ ಬೇಕಾದ ಹಿಟ್ಟು ಇರುವಂತೆ ಇದರಲ್ಲಿ ಏನೂ ಇರುವುದಿಲ್ಲ. ತೆಳುವಾದ ಸಿಪ್ಪೆಯೊಳಗೆ ಒಂದು ಚುಕ್ಕೆಯಷ್ಟು ಭ್ರೂಣ ಮಾತ್ರ ಇರುತ್ತದೆ. ಆದ್ದರಿಂದ ನೆಲಕ್ಕೆ ಬಿದ್ದ ಬೀಜ ನೀರು ಹೀರಿ ಉಬ್ಬಿ ಅಲ್ಲಿಗೇ ನಿಲ್ಲುತ್ತದೆ. ಸರಿಯಾದ ಶಿಲೀಂಧ್ರದ ಎಳೆಯೊಂದು ಅದರೊಳಕ್ಕೆ ಹೊಕ್ಕು ಸಕ್ಕರೆಯನ್ನೂ ಖನಿಜಗಳನ್ನೂ ತಂದುಕೊಟ್ಟಾಗ ಮಾತ್ರ ಅದು ಪ್ರೋಟೋಕಾರ್ಮ್ ಎಂದು ಕರೆಯುವ, ಬೇರೂ ಎಲೆಯೂ ಇಲ್ಲದ ಪುಟ್ಟ ಬಿಳಿ ಉಂಡೆಯಾಗುತ್ತದೆ. ಆ ಉಂಡೆ ತಿಂಗಳುಗಟ್ಟಲೆ ಮಣ್ಣಿನ ಕತ್ತಲಲ್ಲೇ ಇದ್ದು, ಶಿಲೀಂಧ್ರದ ಅನ್ನ ತಿಂದು ಮೊದಲ ಎಲೆ ಕಟ್ಟುತ್ತದೆ. ಇದನ್ನು ಮೊದಲು ಗುರುತಿಸಿದವರು ಫ್ರಾನ್ಸಿನ ನೊಯೆಲ್ ಬರ್ನಾರ್, 1899ರಲ್ಲಿ. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಸಕ್ಕರೆ ಬೆರೆಸಿದ ಮಾಧ್ಯಮದ ಮೇಲೆ ಶಿಲೀಂಧ್ರವಿಲ್ಲದೆಯೂ ಬೀಜ ಮೊಳೆಯಿಸಬಹುದೆಂದು ತೋರಿಸಿದರು. ಇಂದಿನ ಆರ್ಕಿಡ್ ವ್ಯಾಪಾರ ನಿಂತಿರುವುದು ಈ ಎರಡನೆಯ ದಾರಿಯ ಮೇಲೆ. ಆದರೆ ಬಾಟಲಿಯಲ್ಲಿ ಸಕ್ಕರೆ ತಿಂದು ಬೆಳೆದ ಹೆಬನೇರಿಯಾ ಮಣ್ಣಿಗೆ ಬಂದಾಗ ಅಲ್ಲಿ ಶಿಲೀಂಧ್ರ ಸಿಗದಿದ್ದರೆ ನನ್ನ ಕುಂಡದ ಗಿಡದ ದಾರಿಯನ್ನೇ ಹಿಡಿಯುತ್ತದೆ.

ಈ ಶಿಲೀಂಧ್ರಗಳನ್ನು ಒಟ್ಟಾಗಿ ರೈಜಾಕ್ಟೋನಿಯಾ ಗುಂಪಿನವು ಎನ್ನುವುದು ರೂಢಿ. ಟುಲಾಸ್ನೆಲ್ಲಾ, ಸೆರಾಟೊಬೆಸಿಡಿಯಂ, ಸೆರೆಂಡಿಪಿಟಾ ಎಂಬ ಹೆಸರುಗಳು ಆರ್ಕಿಡ್ ಬೇರುಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಭತ್ತದ ಗದ್ದೆಯಲ್ಲಿ ಎಲೆ ಕವಚದ ಅಂಗಮಾರಿ ರೋಗ ತರುವ ರೈಜಾಕ್ಟೋನಿಯಾ ಸೊಲಾನಿ ಇವುಗಳ ನೆಂಟನೇ. ಒಂದು ಊರಿನ ಶಿಲೀಂಧ್ರವನ್ನು ಬೆಳೆಸಿ ಇನ್ನೊಂದು ಊರಿನ ಗದ್ದೆ ತೋಟಗಳಿಗೆ ಹಂಚಬಾರದು ಎನ್ನುವುದಕ್ಕೆ ಅದೇ ಕಾರಣ.

ಇವನ್ನು ಕಣ್ಣಾರೆ ನೋಡಲು ಸಾಧ್ಯ. ಆಗಸ್ಟ್ ತಿಂಗಳಲ್ಲಿ ನಿಮ್ಮ ಸ್ವಂತ ಜಾಗದ ಗಿಡವೊಂದರ ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ, ಒಂದೇ ಒಂದು ಬೇರಿನಿಂದ ಅರ್ಧ ಇಂಚು ತುಂಡು ಕತ್ತರಿಸಿಕೊಂಡು, ಮಣ್ಣನ್ನು ಮತ್ತೆ ಮುಚ್ಚಿ. ಹೊಸ ಶೇವಿಂಗ್ ಬ್ಲೇಡಿನಿಂದ ಅದನ್ನು ಅಡ್ಡಲಾಗಿ ಕಾಗದದಷ್ಟು ತೆಳುವಾಗಿ ಸೀಳಿ, ನೀರಿನ ಹನಿಯಲ್ಲಿಟ್ಟು, ಶಾಲೆಗಳಲ್ಲಿರುವ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೂರು ಪಟ್ಟು ಹಿಗ್ಗಿಸಿ ನೋಡಿದರೆ ಬೇರಿನ ಹೊರಭಾಗದ ಕೋಶಗಳಲ್ಲಿ ದಾರದುಂಡೆಗಳಂಥ ಸುರುಳಿಗಳು ಕಾಣುತ್ತವೆ. ಕೆಲವು ಉಂಡೆಗಳ ಎಳೆಗಳು ಬಿಡಿಬಿಡಿಯಾಗಿ ಸ್ಪಷ್ಟವಾಗಿರುತ್ತವೆ. ಇನ್ನು ಕೆಲವು ಕಂದು ಹಳದಿಯ ಮುದ್ದೆಯಾಗಿ ಕುಸಿದಿರುತ್ತವೆ. ಅವು ಗಿಡ ಜೀರ್ಣಿಸಿಕೊಂಡ ಉಂಡೆಗಳು. ಇವಕ್ಕೆ ಪೆಲೋಟಾನ್ ಎಂದು ಹೆಸರು. ಅದೇ ಗಿಡದ ಗೆಡ್ಡೆಯಲ್ಲಿ ಸಾಮಾನ್ಯವಾಗಿ ಇವು ಇರುವುದಿಲ್ಲ. ಹೆಬನೇರಿಯಾದ ಬೇರುಗಳು ಪ್ರತಿ ವರ್ಷ ಸಾಯುತ್ತವೆ, ಮರುವರ್ಷ ಹೊಸ ಗೆಡ್ಡೆಯ ಹೊಸ ಬೇರಿಗೆ ಶಿಲೀಂಧ್ರ ಮಣ್ಣಿನಿಂದಲೇ ಹೊಸದಾಗಿ ಬರಬೇಕು. ಗೆಡ್ಡೆಯೊಂದನ್ನೇ ಕಿತ್ತು ತಂದವರು ಜೊತೆಗಾರನನ್ನು ಬೇಣದಲ್ಲೇ ಬಿಟ್ಟು ಬಂದಿರುತ್ತಾರೆ.

ಯಾವ ಗಿಡ, ಯಾರ ನೆಲ

ಮೊದಲ ಹೆಜ್ಜೆ, ನಿಮ್ಮ ನೆಲದಲ್ಲಿ ಈಗಾಗಲೇ ಏನಿದೆ ಎಂದು ಎರಡು ಮಳೆಗಾಲ ಸುಮ್ಮನೆ ನೋಡಿ ಬರೆದಿಟ್ಟುಕೊಳ್ಳುವುದು. ಮೇ ತಿಂಗಳ ಅಡ್ಡಮಳೆ ಬಿದ್ದ ಕೂಡಲೇ ಎಲೆಯಿಲ್ಲದೆ ಬರಿ ಹೂದಂಡು ಎದ್ದರೆ ಅದು ನರ್ವಿಲಿಯಾ ಅಥವಾ ಯುಲೋಫಿಯಾ ಇರಬಹುದು. ನರ್ವಿಲಿಯಾದ ಒಂದೇ ಒಂದು ಎಲೆ ಹೂವು ಬಾಡಿದ ಮೇಲೆ ಬರುತ್ತದೆ. ಜೂನ್, ಜುಲೈನಲ್ಲಿ ಚಿರೇಕಲ್ಲಿನ ಬಯಲು, ಬೇಣಗಳಲ್ಲಿ ನೆಲಕ್ಕಂಟಿದ ದುಂಡೆಲೆಯ ಮೇಲೆ ಬಿಳಿ ಹೂ ಬಿಡುವುದು ಹೆಬನೇರಿಯಾ ಗ್ರಾಂಡಿಫ್ಲೋರಿಫಾರ್ಮಿಸ್. ಮಳೆ ಇಳಿಮುಖವಾಗುವ ಹೊತ್ತಿಗೆ, ಅಂಚು ಸೀಳಿದ ದೊಡ್ಡ ಬಿಳಿ ಹೂಗಳಿಂದ ಸಂಜೆ ಪರಿಮಳ ಬೀರುವುದು ಪೆಕ್ಟೀಲಿಸ್ ಜೈಗ್ಯಾಂಟಿಯಾ. ಮರದ ನೆರಳಿನಲ್ಲಿ ಹೂಗೊಂಚಲು ತಲೆ ತಗ್ಗಿಸಿ ನಿಂತಿದ್ದರೆ ಅದು ಜಿಯೊಡೋರಂ.

ಹೊಸಬರು ಜಿಯೊಡೋರಂ ಅಥವಾ ಯುಲೋಫಿಯಾದಿಂದ ಆರಂಭಿಸುವುದು ಲೇಸು. ಅವುಗಳ ದಪ್ಪ ಗೆಡ್ಡೆಯಲ್ಲಿ ಆಹಾರ ಹೆಚ್ಚು, ತಪ್ಪುಗಳನ್ನು ಸ್ವಲ್ಪ ತಡೆದುಕೊಳ್ಳುತ್ತವೆ. ಕಾನಿನ ದಟ್ಟ ನೆರಳಿನಲ್ಲಿ ಹಸಿರೇ ಇಲ್ಲದೆ ಏಳುವ ಎಪಿಪೋಜಿಯಂ, ಅಫಿಲ್ಲೋರ್ಕಿಸ್‌ಗಳಿಗೆ ಮಾತ್ರ ಯಾರೂ ಕೈ ಹಾಕಬಾರದು; ಅವು ಜೀವಮಾನವಿಡೀ ಶಿಲೀಂಧ್ರವನ್ನೇ ನಂಬಿ ಬದುಕುವ ಗಿಡಗಳು, ಸ್ಥಳಾಂತರಿಸಿದರೆ ಸಾಯುವುದು ಖಚಿತ.

ಕಾಡಿನಿಂದ ಕೀಳುವ ಮಾತೇ ಬೇಡ. ಮೀಸಲು ಅರಣ್ಯದಿಂದ ಗಿಡ ಕೀಳುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರಡಿ ಅಪರಾಧ. ಆರ್ಕಿಡ್ ಕುಟುಂಬ ಇಡಿಯಾಗಿ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿದೆ. ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಾದ ಸೊಪ್ಪಿನಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸವಲತ್ತು, ಗೆಡ್ಡೆ ಅಗೆಯುವ ಹಕ್ಕಲ್ಲ. ಸ್ವಂತ ಹಿಡುವಳಿಯ ಗಿಡದಿಂದ ಬೀಜ ತೆಗೆದುಕೊಳ್ಳಿ. ಅರಣ್ಯದ ಗಿಡದ ಬೀಜವೇ ಬೇಕಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ.

ಬೀಜ ಕಟ್ಟಿಸುವುದು, ಕೊಯ್ಯುವುದು

ನೀಳವಾದ ಮಕರಂದದ ಕೊಳವೆಯುಳ್ಳ ಈ ಬಿಳಿ ಹೂಗಳಿಗೆ ಹೆಚ್ಚಾಗಿ ಬರುವುದು ರಾತ್ರಿಯ ಪತಂಗಗಳು. ಅಂಗಳದ ದೀಪಗಳು ಹೆಚ್ಚಾದ ಕಡೆ ಕಾಯಿ ಕಟ್ಟುವುದು ಕಡಿಮೆಯಾದಂತೆ ಕಂಡರೆ ನೀವೇ ಪರಾಗಸ್ಪರ್ಶ ಮಾಡಬಹುದು. ಹಿಡಿಕಡ್ಡಿಯ ತುದಿಯನ್ನು ಚೂಪಾಗಿ ಕೆತ್ತಿ, ಹೂವಿನ ಬಾಯಿಯ ಎರಡು ಪಕ್ಕದಲ್ಲಿರುವ ಅಂಟಿನ ಬಿಲ್ಲೆಗಳಿಗೆ ಮೃದುವಾಗಿ ತಾಗಿಸಿದರೆ ಹಳದಿ ಪರಾಗದ ಗಂಟು ಕಡ್ಡಿಗೆ ಅಂಟಿಕೊಂಡು ಹೊರಬರುತ್ತದೆ. ಅದನ್ನು ಇನ್ನೊಂದು ಗಿಡದ ಹೂವಿನ, ಕೊಳವೆಯ ಬಾಯಿಯ ಬಳಿ ಮುಂಚಾಚಿ ಹೊಳೆಯುವ ಅಂಟು ಭಾಗಕ್ಕೆ ಒತ್ತಬೇಕು. ಹೆಬನೇರಿಯಾದ ಪರಾಗದ ಗಂಟು ಸಣ್ಣ ಸಣ್ಣ ಕಣಗಳಾಗಿ ಬಿಡಿಸಿಕೊಳ್ಳುವುದರಿಂದ ಒಂದೇ ಗಂಟು ನಾಲ್ಕಾರು ಹೂಗಳಿಗೆ ಸಾಕು. ಒಂದು ದಂಡಿನಲ್ಲಿ ಮೂರಕ್ಕಿಂತ ಹೆಚ್ಚು ಕಾಯಿ ಕಟ್ಟಿಸಬೇಡಿ, ಏಕೆಂದರೆ ಕಾಯಿಗೆ ಹೋದ ಆಹಾರ ಮುಂದಿನ ವರ್ಷದ ಗೆಡ್ಡೆಗೆ ಕಡಿಮೆಯಾಗುತ್ತದೆ.

ಕಾಯಿ ಬಲಿಯಲು ಒಂದರಿಂದ ಎರಡು ತಿಂಗಳು ಬೇಕು. ಹಸ್ತ, ಚಿತ್ತೆ ಮಳೆಯ ಹೊತ್ತಿಗೆ ಹಸಿರು ಕಾಯಿ ಹಳದಿಗೆ ತಿರುಗಿ, ಏಣುಗಳು ಕಂದಾಗತೊಡಗಿದಾಗ, ಒಡೆಯುವ ಮುನ್ನವೇ ಕಾಗದದ ಲಕೋಟೆಯೊಳಕ್ಕೆ ಕೊಯ್ಯಬೇಕು. ಬೇಣದ ಹುಲ್ಲು ಕೊಯ್ಯುವುದೂ ಇದೇ ಕಾಲವಾದ್ದರಿಂದ ಗಿಡಗಳ ಸುತ್ತ ಗೂಟ ಹೊಡೆದು, ಅಷ್ಟು ಜಾಗದ ಕರಡವನ್ನು ದೀಪಾವಳಿ ಕಳೆಯುವವರೆಗೆ ಬಿಟ್ಟುಬಿಡುವಂತೆ ಕೊಯ್ಲಿನವರಿಗೆ ಮೊದಲೇ ಹೇಳಿಟ್ಟಿರಬೇಕು. ನಾನು ಈ ಮಾತು ಹೇಳಲು ಮರೆತ ವರ್ಷ ಕಾಯಿಗಳೆಲ್ಲ ಕೊಟ್ಟಿಗೆಗೆ ಹೋದವು.

ಲಕೋಟೆಯನ್ನು ಹುರಿದು ಆರಿಸಿದ ಅಕ್ಕಿ ಅಥವಾ ಸಿಲಿಕಾ ಜೆಲ್ ತುಂಬಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ವಾರ ಇಟ್ಟರೆ ಬೀಜ ಒಣಗುತ್ತದೆ. ಬಳಿಕ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಮುಂದಿನ ಮಳೆಗಾಲದವರೆಗೆ ಇಡಬಹುದು. ಬಿತ್ತುವ ಮೊದಲು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ: ಸಿಪ್ಪೆಯ ನಡುವೆ ಚುಕ್ಕೆ ಕಂಡರೆ ಬೀಜ ಗಟ್ಟಿ, ಚುಕ್ಕೆಯಿಲ್ಲದ್ದು ಜೊಳ್ಳು.

ಶಿಲೀಂಧ್ರ ಎಲ್ಲಿದೆ ಎಂದು ಬೀಜದಿಂದಲೇ ಕೇಳುವುದು

ಮಣ್ಣನ್ನು ನೋಡಿ ಅದರಲ್ಲಿ ಬೇಕಾದ ಶಿಲೀಂಧ್ರ ಇದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. ಆದರೆ ಬೀಜ ಹೇಳುತ್ತದೆ. 1993ರಲ್ಲಿ ಹಾನ್ನೆ ರಾಸ್ಮುಸ್ಸೆನ್ ಮತ್ತು ಡೆನ್ನಿಸ್ ವಿಗಮ್ ಪ್ರಕಟಿಸಿದ ಬೀಜದ ಪೊಟ್ಟಣದ ವಿಧಾನವನ್ನು ನಮ್ಮ ಹಿತ್ತಲಿನಲ್ಲೂ ಮಾಡಬಹುದು, ಮತ್ತು ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇನ್ನೊಂದಿಲ್ಲ.

ಸ್ಕ್ರೀನ್ ಪ್ರಿಂಟಿಂಗ್ ಮಾಡುವವರು ಚೌಕಟ್ಟಿಗೆ ಬಿಗಿಯುವ ನೈಲಾನ್ ಜಾಲರಿ ಬಟ್ಟೆಯಲ್ಲಿ ಸುಮಾರು 50 ಮೈಕ್ರಾನ್ ಕಣ್ಣಿನದನ್ನು ಕೇಳಿ ತನ್ನಿ. ಲಗ್ನಪತ್ರಿಕೆ ಅಚ್ಚು ಹಾಕುವವರ ಬಳಿ ಉಳಿದ ತುಂಡುಗಳೇ ಸಾಕು. ಈ ಕಣ್ಣಿನಲ್ಲಿ ಬೀಜ ಹೊರಗೆ ಹೋಗುವುದಿಲ್ಲ, ಶಿಲೀಂಧ್ರದ ಎಳೆ ಒಳಗೆ ಬರುತ್ತದೆ. ಎರಡಂಗುಲ ಅಗಲ, ನಾಲ್ಕಂಗುಲ ಉದ್ದದ ತುಂಡನ್ನು ಮಡಿಚಿ, ನಡುವೆ ಒದ್ದೆ ಕುಂಚದ ತುದಿಗೆ ಅಂಟಿದಷ್ಟು, ಅಂದರೆ ನೂರಿನ್ನೂರು ಬೀಜ ಹರಡಿ, ಮೂರು ಅಂಚನ್ನು ನೈಲಾನ್ ದಾರದಿಂದ ಹೊಲಿಯಿರಿ. ಸ್ಟೇಪ್ಲರ್ ಪಿನ್ನು ನಮ್ಮ ಮಳೆಗೆ ತಿಂಗಳಲ್ಲೇ ತುಕ್ಕು ಹಿಡಿಯುತ್ತದೆ. ಪೊಟ್ಟಣಕ್ಕೆ ಉದ್ದನೆಯ ಬಣ್ಣದ ದಾರ ಕಟ್ಟಿ, ದಾರದ ತುದಿ ಮಣ್ಣಿನ ಮೇಲೆ ಕಾಣುವಂತೆ, ಎರಡರಿಂದ ಐದು ಸೆಂಟಿಮೀಟರ್ ಆಳದಲ್ಲಿ ಮಲಗಿಸಿ ಹೂಳಿ. ಮೃಗಶಿರ ಮಳೆ ಹಿಡಿದು ನೆಲ ನೆನೆದ ಮೇಲೆ ಹೂಳುವುದು ಸರಿಯಾದ ಸಮಯ.

ಎಲ್ಲ ಪೊಟ್ಟಣಗಳನ್ನೂ ತಾಯಿಗಿಡದ ಬುಡದಲ್ಲೇ ಹೂಳಬೇಡಿ. ಕೆಲವು ಬುಡದಿಂದ ಒಂದು ಗೇಣಿನೊಳಗೆ, ಕೆಲವು ಒಂದು ಮಾರು ದೂರದಲ್ಲಿ, ಕೆಲವು ಮುಂದೆ ಗಿಡ ಬೆಳೆಸಬೇಕೆಂದಿರುವ ಜಾಗದಲ್ಲಿ, ಒಂದೆರಡು ಅಕೇಶಿಯಾ ನೆಡುತೋಪಿನ ಅಡಿಯಲ್ಲೂ ಇರಲಿ. ಹತ್ತು ವಾರಗಳ ಬಳಿಕ, ಮಘೆ ಮಳೆಯ ಹೊತ್ತಿಗೆ, ಪ್ರತಿ ಜಾಗದಿಂದ ಒಂದೊಂದನ್ನು ತೆಗೆದು, ನೀರಿನಲ್ಲಿ ಅದ್ದಿ, ಭೂತಗನ್ನಡಿಯಡಿ ಬಿಡಿಸಿ ನೋಡಿ. ಬೀಜ ಉಬ್ಬಿ ಸಿಪ್ಪೆ ಸೀಳದೆ ಇದ್ದರೆ ಅಲ್ಲಿ ಶಿಲೀಂಧ್ರ ಇನ್ನೂ ತಲುಪಿಲ್ಲ. ಸಿಪ್ಪೆ ಒಡೆದು, ಸಾಸಿವೆಗಿಂತ ಸಣ್ಣ ಬಿಳಿ ಉಂಡೆ ಕಾಣಿಸಿ, ಅದರ ಮೈಯಿಂದ ನವಿರಾದ ರೋಮಗಳು ಹೊರಟಿದ್ದರೆ ಅದು ಪ್ರೋಟೋಕಾರ್ಮ್, ಆ ಜಾಗದ ಮಣ್ಣೇ ನಿಮ್ಮ ಬಂಡವಾಳ. ನನಗೆ ಮೊದಲ ಬಾರಿ ಇಪ್ಪತ್ತು ಪೊಟ್ಟಣಗಳಲ್ಲಿ ಎರಡರಲ್ಲಿ ಮಾತ್ರ ಉಂಡೆಗಳು ಸಿಕ್ಕವು, ಎರಡೂ ತಾಯಿಗಿಡದ ಗೇಣಿನೊಳಗಿನವು. ಉಳಿದ ಪೊಟ್ಟಣಗಳನ್ನು ಕೀಳದೆ ಮರುವರ್ಷಕ್ಕೆ ಬಿಡಿ, ಕೆಲವು ಜಾತಿಗಳ ಬೀಜ ಎರಡನೆಯ ಮಳೆಗಾಲದಲ್ಲಿ ಎಚ್ಚರಗೊಳ್ಳುವುದುಂಟು.

ಬಿತ್ತನೆ

ಉಂಡೆ ಸಿಕ್ಕ ಜಾಗ ಗೊತ್ತಾದ ಮೇಲೆ ಬಿತ್ತನೆ ಸರಳ. ಒಂದು ಚಿಟಿಕೆ ಬೀಜವನ್ನು ಒಂದು ಬೊಗಸೆ ಒಣ ಮರಳಿನಲ್ಲಿ ಬೆರೆಸಿ, ಆ ಜಾಗದ ದರಕನ್ನು ಸರಿಸಿ ಮಣ್ಣಿನ ಮೇಲ್ಪದರವನ್ನು ಬೆರಳಿನಿಂದ ತುಸು ಕೆದರಿ ಬಿತ್ತಿ, ದರಕನ್ನು ಮತ್ತೆ ಹರಡಿ. ಬಿತ್ತಿದ ಕಡೆ ದರಕು ಗುಡಿಸುವುದನ್ನು ಆಮೇಲೆ ನಿಲ್ಲಿಸಬೇಕು. ಅರ್ಧ ಕೊಳೆತ ಎಲೆ, ಹುಲ್ಲಿನ ಬೇರು, ಸಣ್ಣ ಕಡ್ಡಿಗಳೇ ಆ ಶಿಲೀಂಧ್ರದ ಊಟ. ಅದು ಉಂಡು ಉಳಿಸಿದ್ದರಲ್ಲಿ ಆರ್ಕಿಡ್‌ಗೆ ಪಾಲು.

ಕುಂಡದಲ್ಲೇ ಬೇಕೆನ್ನುವವರು ತಳದಲ್ಲಿ ತೂತು ಹೆಚ್ಚಿರುವ ಮಣ್ಣಿನ ಕುಂಡ ತೆಗೆದುಕೊಂಡು, ಚಿರೇಕಲ್ಲಿನ ಜಲ್ಲಿ, ದಪ್ಪ ಮರಳು, ಮತ್ತಿ ಅಥವಾ ನೇರಳೆಯ ಅರ್ಧ ಕೊಳೆತ ಎಲೆಗಳನ್ನು ಸಮಪಾಲು ಬೆರೆಸಿ ತುಂಬಲಿ. ಮೇಲಿನ ಎರಡಂಗುಲಕ್ಕೆ ಪ್ರೋಟೋಕಾರ್ಮ್ ಸಿಕ್ಕ ಜಾಗದ ಮಣ್ಣನ್ನು ಹಾಗೆಯೇ, ಬಿಸಿಲಿಗೆ ಒಣಗಿಸದೆ, ಜರಡಿ ಹಿಡಿಯದೆ, ಬಿಸಿ ಮಾಡದೆ ಹಾಕಬೇಕು. ಒಂದು ಕುಂಡಕ್ಕೆ ಎರಡು ಬೊಗಸೆ ಸಾಕು.

ಪ್ರಯೋಗಾಲಯದ ಸಹಾಯ ಸಿಗುವವರಿಗೆ ಇನ್ನೊಂದು ದಾರಿಯಿದೆ. ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯವಿದೆ, ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ವಿಭಾಗಗಳಿವೆ. ವಿದ್ಯಾರ್ಥಿಗಳೊಡನೆ ಸೇರಿ ಮಾಡಲು ಇದು ಒಳ್ಳೆಯ ಕೆಲಸ. ಬೇರಿನಿಂದ ಪೆಲೋಟಾನ್ ಬಿಡಿಸಿ ಶುದ್ಧ ಶಿಲೀಂಧ್ರ ಬೆಳೆಸಿಕೊಂಡ ಮೇಲೆ, ಒಂದು ಲೀಟರ್ ನೀರಿಗೆ ಎರಡೂವರೆ ಗ್ರಾಂ ಓಟ್ಸ್ ಪುಡಿ ಮತ್ತು ಎಂಟು ಗ್ರಾಂ ಅಗರ್ ಹಾಕಿ, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ ಮಾಧ್ಯಮ ಮಾಡುತ್ತಾರೆ. ಬ್ಲೀಚ್ ದ್ರಾವಣದಲ್ಲಿ ಐದು ಹತ್ತು ನಿಮಿಷ ತೊಳೆದು ಮೂರು ಬಾರಿ ಶುದ್ಧ ನೀರಲ್ಲಿ ಜಾಲಾಡಿದ ಬೀಜವನ್ನು ಅದರ ಮೇಲೆ ಹರಡಿ, ಪಕ್ಕದಲ್ಲಿ ಶಿಲೀಂಧ್ರದ ಒಂದು ಚೂರು ಇಟ್ಟು, 25 ಡಿಗ್ರಿಯ ಆಸುಪಾಸಿನ ಕತ್ತಲಲ್ಲಿ ಇಡುತ್ತಾರೆ. ಓಟ್ಸ್ ಅಷ್ಟು ಕಡಿಮೆ ಇರುವುದಕ್ಕೆ ಕಾರಣವಿದೆ: ಊಟ ಹೆಚ್ಚಾದರೆ ಶಿಲೀಂಧ್ರ ಸೊಕ್ಕಿ ಬೆಳೆದು ಬೀಜವನ್ನೇ ತಿಂದುಬಿಡುತ್ತದೆ. ಹೊಂದಾಣಿಕೆ ಎರಡೂ ಕಡೆಯವರು ಅರೆಹೊಟ್ಟೆಯಲ್ಲಿದ್ದಾಗಲೇ ನಿಲ್ಲುವುದು.

ತೋಟದ ಮದ್ದುಗಳಿಂದ ದೂರ

ಅಡಿಕೆ ನಾಡಿನಲ್ಲಿ ಶಿಲೀಂಧ್ರ ಎಂದರೆ ಕೊಲ್ಲಬೇಕಾದ್ದು ಎಂದೇ ಕಲಿತವರು ನಾವು. ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಮಾಡುವ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಹೊಡೆಯುತ್ತೇವೆ. ಆ ತಾಮ್ರ ಅಡಿಕೆ ಗೊನೆಯಿಂದ ಹನಿಹನಿಯಾಗಿ ಕೆಳಗಿಳಿಯುತ್ತದೆ. ನಾನು ತೋಟದ ತಂಪಿನಲ್ಲಿ ಚೆನ್ನಾಗಿ ಬರಲೆಂದು ಮರದಡಿ ಇಟ್ಟ ಎಂಟು ಕುಂಡಗಳ ಮಣ್ಣಿನ ಮೇಲೆ ನೀಲಿ ಪದರ ಕಟ್ಟಿತ್ತು; ಆ ವರ್ಷ ಎಲೆ ಬಂದ ಗಿಡಗಳಲ್ಲಿ ಮರುವರ್ಷ ಒಂದೂ ಏಳಲಿಲ್ಲ. ತೋಟದಿಂದಲೂ, ಗಾಳಿಗೆ ಮದ್ದು ಹಾರಿ ಬರುವ ದಿಕ್ಕಿನಿಂದಲೂ ಕುಂಡಗಳು ದೂರವಿರಲಿ.

ಕಾಳುಮೆಣಸಿನ ಸೊರಗು ರೋಗಕ್ಕೆ ಬೇವಿನ ಹಿಂಡಿಯೊಡನೆ ಹಾಕುವ ಟ್ರೈಕೋಡರ್ಮಾ ಕೂಡ ಇಲ್ಲಿಗೆ ಬೇಡ, ಅದು ರೈಜಾಕ್ಟೋನಿಯಾ ಗುಂಪಿನ ಶಿಲೀಂಧ್ರಗಳನ್ನೇ ಬೇಟೆಯಾಡುವ ಶಿಲೀಂಧ್ರ. ಮೈಕೋರೈಜಾ (ಬೇರಿನ ಜೊತೆಗಾರ ಶಿಲೀಂಧ್ರ) ಎಂಬ ಹೆಸರು ನೋಡಿ ಅಂಗಡಿಯ ವ್ಯಾಮ್ ಪುಡಿ ತಂದು ಹಾಕುವವರೂ ಇದ್ದಾರೆ. ಅದು ಅಡಿಕೆ, ಮೆಣಸು, ಹುಲ್ಲುಗಳ ಬೇರಿಗೆ ಹೊಂದುವ ಬೇರೆಯೇ ವಂಶದ ಶಿಲೀಂಧ್ರ. ಆರ್ಕಿಡ್‌ಗೆ ಅದರಿಂದ ಪ್ರಯೋಜನವಿಲ್ಲ. ಯೂರಿಯಾ, ಹಸಿ ಸಗಣಿ, ಗಂಜಲಗಳನ್ನೂ ಹಾಕಬಾರದು.

ವರ್ಷದ ಪಾಲನೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ನೀರೇ ಸಾಕು. ಕಾರವಾರ, ಕುಮಟಾದಂಥ ಕರಾವಳಿಯ ಸುರಿಮಳೆಗೆ ಕುಂಡದಲ್ಲಿ ನೀರು ನಿಲ್ಲದಂತೆ ಇಟ್ಟಿಗೆಯ ಮೇಲೆ ಎತ್ತಿಡಬೇಕು. ಬಸವನಹುಳು ಒಂದೇ ರಾತ್ರಿಯಲ್ಲಿ ಎಲೆ ಮುಗಿಸುತ್ತದೆ. ಸಂಜೆ ದೀಪ ಹಿಡಿದು ಕೈಯಲ್ಲೇ ಹೆಕ್ಕಿ ತೆಗೆಯುವುದು ಉತ್ತಮ. ಬೇಣದಲ್ಲಾದರೆ ಹಂದಿ, ಮುಳ್ಳುಹಂದಿಗಳು ಗೆಡ್ಡೆ ಅಗೆಯದಂತೆ ಮುಳ್ಳು ಮುಚ್ಚಿಗೆ ಹಾಕಬೇಕಾಗುತ್ತದೆ. ಅಕ್ಟೋಬರ್‌ನಲ್ಲಿ ಎಲೆ ಹಳದಿಯಾದಾಗ ಗಾಬರಿಯಾಗಿ ನೀರು ಹಾಕುವುದು ಎಲ್ಲರೂ ಮಾಡುವ ತಪ್ಪು. ಆಗ ಹಳೆಯ ಗೆಡ್ಡೆ ಬತ್ತಿ, ಅದರ ಪಕ್ಕದ ಹೊಸ ಗೆಡ್ಡೆ ನಿದ್ದೆಗೆ ಹೋಗಿರುತ್ತದೆ. ನವೆಂಬರ್‌ನಿಂದ ಮೇವರೆಗೆ ಕುಂಡವನ್ನು ಸೂರಿನಡಿ ನೆರಳಿನಲ್ಲಿಟ್ಟು, ದರಕಿನಿಂದ ಮುಚ್ಚಿ, ತಿಂಗಳಿಗೊಮ್ಮೆ ಒಂದು ಲೋಟ ನೀರು ಚಿಮುಕಿಸಿದರೆ ಮಣ್ಣಿನ ಶಿಲೀಂಧ್ರವೂ ಪೂರ್ತಿ ಒಣಗದೆ ಉಳಿಯುತ್ತದೆ.

ಬೀಜದಿಂದ ಹೂವಿಗೆ ಮೂರರಿಂದ ಐದು ವರ್ಷ ಹಿಡಿಯುತ್ತದೆ. ಈ ನಡುವೆ ಆರಿದ್ರೆ ಮಳೆ ಕಳೆದರೂ ಎಲೆ ಕಾಣದ ಕುಂಡವನ್ನು ಬಗ್ಗಿಸಿ ನೋಡುವ ಆಸೆ ಬರುತ್ತದೆ. ನೋಡಬೇಡಿ. ನೆಲ ಆರ್ಕಿಡ್‌ಗಳು ಕೆಲವೊಮ್ಮೆ ಒಂದು ಇಡೀ ವರ್ಷ ಮೇಲೆ ಬಾರದೆ, ನೆಲದೊಳಗೆ ಶಿಲೀಂಧ್ರದ ಆಸರೆಯಲ್ಲಿದ್ದು, ಅದರ ಮುಂದಿನ ಮಳೆಗೆ ಏಳುತ್ತವೆ. ಕುಂಡಕ್ಕೆ ಜಾತಿಯ ಹೆಸರು, ಬೀಜ ಕೊಯ್ದ ಜಾಗ, ಬಿತ್ತಿದ ವರ್ಷ ಬರೆದ ಚೀಟಿ ಸಿಕ್ಕಿಸಿ, ಇನ್ನೂ ಎರಡು ಮಳೆಗಾಲ ಅದು ಇದ್ದಲ್ಲೇ ಇರಲಿ.